ಹಿತ್ತಲಿನ ಗೊಬ್ಬರವೂ ಶ್ರಾವಕನ ಅಹಿಂಸೆಯೂ

ಆಹಾರದ ವಿಷಯದಲ್ಲಿ ಜೈನ ಗೃಹಸ್ಥನಿಗೆ ವಿಧಿಸಿದ ಎಚ್ಚರಿಕೆ ಎಷ್ಟು ಸೂಕ್ಷ್ಮವಾದುದೆಂಬುದನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಏನನ್ನು ಉಣ್ಣಬೇಕು, ಯಾವ ಹೊತ್ತಿನಲ್ಲಿ ಉಣ್ಣಬೇಕು, ನೀರನ್ನು ಹೇಗೆ ಸೋಸಬೇಕು ಎಂಬುದೆಲ್ಲಕ್ಕೂ ಮರ್ಯಾದೆ ಉಂಟು. ಬೀಸಿದ ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ನಮ್ಮ ಮನೆಗಳ ಹೆಣ್ಣುಮಕ್ಕಳು ಗ್ರಂಥವನ್ನು ತೆರೆಯದೆಯೇ ಇದನ್ನೆಲ್ಲ ಪಾಲಿಸಿಕೊಂಡು ಬಂದಿದ್ದಾರೆ. ಆದರೆ ಅಡಿಗೆಮನೆಯೊಳಗೆ ಇಷ್ಟು ಜಾಗರೂಕವಾಗಿರುವ ಬುದ್ಧಿಯು ಹಿತ್ತಲ ಬಾಗಿಲನ್ನು ದಾಟಿದೊಡನೆ ಏಕೆ ಮಂಕಾಗುತ್ತದೆ? ಹೆರೆದ ಸೋರೆಕಾಯಿಯ ಸಿಪ್ಪೆ, ಸೊಪ್ಪಿನ ಕಡ್ಡಿ, ಮರ್ಯಾದೆ ಮೀರಿದ ಹಿಟ್ಟು, ಅಂಗಳದಲ್ಲಿ ಉದುರಿದ ಎಲೆ, ಇವುಗಳನ್ನು ಎಲ್ಲಿ, ಹೇಗೆ ಇಡಬೇಕೆಂಬುದು ವ್ರತದ ವಿಷಯವಲ್ಲವೇ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ನನ್ನ ಸೋದರತ್ತೆ.

ಅವರು ದೂಧಗಂಗೆಯ ದಂಡೆಯ ಒಂದು ಹಳ್ಳಿಯವರು; ಎಂಬತ್ತರ ಸಮೀಪದ ವಯಸ್ಸು. ಸಚಿತ್ತತ್ಯಾಗವೆಂಬ ಐದನೆಯ ಪ್ರತಿಮೆಯನ್ನು ಅನೇಕ ವರ್ಷಗಳಿಂದ ನಿಷ್ಠೆಯಿಂದ ನಡೆಸಿಕೊಂಡು ಬಂದವರು. ಭಾದ್ರಪದದ ದಶಲಕ್ಷಣ ಪರ್ವಕ್ಕೆ ನಿಪ್ಪಾಣಿಯ ನಮ್ಮ ಮನೆಗೆ ಬರುವುದು ಅವರ ರೂಢಿ. ಮೂರು ವರ್ಷಗಳ ಹಿಂದೆ ಅವರು ಬಂದಾಗ ನಾನು ಹಿತ್ತಲಲ್ಲಿ ಒಂದು ಗುಂಡಿಯನ್ನು ತೋಡಿ, ಅಡಿಗೆಮನೆಯ ಕಸವನ್ನೆಲ್ಲ ಅದರಲ್ಲಿ ಹಾಕಿ ಗೊಬ್ಬರ ಮಾಡತೊಡಗಿದ್ದೆ. ಅದನ್ನು ಅವರಿಗೆ ತೋರಿಸಬೇಕೆಂಬ ಹೆಮ್ಮೆಯೂ ನನಗಿತ್ತು. ಮೇಲೆ ಮುಚ್ಚಿದ್ದ ತಗಡನ್ನು ಎತ್ತಿದೆ. ಮಳೆಗಾಲದ ಹಸಿ, ಒಳಗೆ ಬಿಳಿಯ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ಅತ್ತೆಯವರು ಎರಡು ಹೆಜ್ಜೆ ಹಿಂದೆ ಸರಿದರು. “ತಮ್ಮಾ, ಹುಟ್ಟಿಸೂದೂ ನೀನ, ನಾಳಿ ಸಲಿಕಿ ಹಾಕಿ ಕೊಲ್ಲೂದೂ ನೀನ. ಇದೆಂಥಾ ಧರ್ಮಾನೋ?” ಎಂದರು. ಆ ಪರ್ವದ ಹತ್ತು ದಿನವೂ ಅವರು ತಮ್ಮ ಕೈಯಿಂದ ಒಂದು ಸಿಪ್ಪೆಯನ್ನೂ ಆ ಗುಂಡಿಗೆ ಹಾಕಲಿಲ್ಲ. ನಾನು ಉತ್ತರ ಕೊಡಹೋಗಿ ಸುಮ್ಮನಾದೆ. ಏಕೆಂದರೆ ನನ್ನಲ್ಲಿದ್ದ ಉತ್ತರ ಊರಿನ ಸ್ವಚ್ಛತೆಗೆ ಸಂಬಂಧಿಸಿದುದಾಗಿತ್ತು. ಅವರ ಪ್ರಶ್ನೆ ಹಿಂಸೆಗೆ ಸಂಬಂಧಿಸಿದುದು.

ಅವರ ಪ್ರಶ್ನೆಯನ್ನು ಹಳೆಯ ಕಾಲದವರ ಮಾತೆಂದು ತಳ್ಳಿಹಾಕುವಂತಿಲ್ಲ. ಎರೆಹುಳು ದ್ವೀಂದ್ರಿಯ ಜೀವ, ಇರುವೆ ತ್ರೀಂದ್ರಿಯ, ನೊಣ ಚತುರಿಂದ್ರಿಯ. ಇವೆಲ್ಲ ತ್ರಸಜೀವಗಳು, ಅಹಿಂಸಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ಬುದ್ಧಿಪೂರ್ವಕವಾಗಿ ಕೊಲ್ಲಬಾರದೆಂದು ಹೇಳಿರುವುದು ಇವುಗಳನ್ನೇ. ಗೊಬ್ಬರದ ಗುಂಡಿಯೋ ಇಂಥ ಜೀವಗಳ ತವರು. ಅದನ್ನು ತೋಡುವಾಗ, ಮಗುಚುವಾಗ, ಹೊರಗೆ ತೆಗೆದು ಹರವುವಾಗ ಎಷ್ಟು ಜೀವಗಳ ಹಾನಿಯಾಗುತ್ತದೆಂದು ಲೆಕ್ಕ ಹಿಡಿಯುವವರಾರು? ಆದುದರಿಂದ ಗೊಬ್ಬರ ಮಾಡುವುದು ಒಳ್ಳೆಯದೆಂದು ಘೋಷಿಸುವ ಮೊದಲು, ಮಾಡದಿದ್ದರೆ ಆ ಸಿಪ್ಪೆಯ ಗತಿ ಏನಾಗುತ್ತದೆಂಬುದನ್ನು ಪರಾಮರ್ಶಿಸಬೇಕು.

ಮಾಡದವರ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಸುಡುವುದು. ಒಣಗಿದೆಲೆಯ ಗುಡ್ಡೆಗೆ ಕಡ್ಡಿ ಗೀರಿದರೆ ಕಸ ಕ್ಷಣದಲ್ಲಿ ಮಾಯವಾಗುತ್ತದೆ. ಆದರೆ ಆ ಎಲೆಗಳ ಅಡಿಯಲ್ಲಿ ನೆರಳು ಹುಡುಕಿಕೊಂಡು ಸೇರಿದ್ದ ಇರುವೆ, ಜೇಡ, ಜೀರುಂಡೆಗಳಿಗೆ ಓಡಿಹೋಗಲು ದಾರಿಯಿರುವುದಿಲ್ಲ. ಶ್ರಾವಕನು ಬಿಡಬೇಕಾದ ಹದಿನೈದು ಖರಕರ್ಮಗಳನ್ನು ಎಣಿಸುವಾಗ ಹುಲ್ಲಿಗೆ, ಕಾಡಿಗೆ ಬೆಂಕಿಯಿಡುವುದನ್ನೂ ಹಿರಿಯರು ಸೇರಿಸಿದ್ದಾರೆ. ಅಂಗಳದ ಎಲೆಯ ಗುಡ್ಡೆ ಚಿಕ್ಕದಿರಬಹುದು, ಬೆಂಕಿಯ ಗುಣ ಚಿಕ್ಕದಲ್ಲ.

ಎರಡನೆಯದು ಬೀದಿಗೆ ಬಿಸುಡುವುದು. ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಮೂಲೆಗೆ ಎಸೆದರೆ, ಹಸಿದ ದನವು ಚೀಲವನ್ನು ಬಿಚ್ಚಲಾರದೆ ಚೀಲಸಮೇತ ನುಂಗುತ್ತದೆ. ಆ ಪ್ಲಾಸ್ಟಿಕ್ಕು ಕರಗುವುದಿಲ್ಲ, ಹೊರಬೀಳುವುದೂ ಇಲ್ಲ; ಹೊಟ್ಟೆಯಲ್ಲಿ ಗಡ್ಡೆಯಾಗಿ ಕೂತು ಪಶುವನ್ನು ದಿನದಿನಕ್ಕೆ ಸೊರಗಿಸಿ ಕೊಲ್ಲುತ್ತದೆ. ಇಲ್ಲಿ ಸಾಯುವುದು ಪಂಚೇಂದ್ರಿಯ ಪ್ರಾಣಿ. ಹುಳುವಿಗೆ ಹೆದರಿ ಗುಂಡಿಯನ್ನು ಬಿಟ್ಟವನು ಆಕಳನ್ನು ಕೊಂದಂತಾಯಿತು.

ಮೂರನೆಯದು ದೂರಕ್ಕೆ ಕಳಿಸುವುದು. ಬೆಳಿಗ್ಗೆ ಕಸದ ಗಾಡಿ ಬರುತ್ತದೆ, ಬುಟ್ಟಿ ಖಾಲಿಯಾಗುತ್ತದೆ, ಮನಸ್ಸು ಹಗುರಾಗುತ್ತದೆ. ಆದರೆ ಹಸಿ ಕಸವು ಎಲ್ಲಿಗೆ ಹೋದರೂ ಕೊಳೆಯದೆ ಇರುವುದಿಲ್ಲ. ಗಾಳಿಯಾಡದ ದೊಡ್ಡ ರಾಶಿಯಲ್ಲಿ ಕೊಳೆತಾಗ ಹೊತ್ತಿಕೊಳ್ಳುವ ಮೀಥೇನ್ ಅನಿಲವನ್ನೂ, ನೆಲದ ನೀರನ್ನು ಕೆಡಿಸುವ ಕಪ್ಪು ರಸವನ್ನೂ ಹೊರಡಿಸುತ್ತದೆ. ಬೆಂಗಳೂರಿನ ಕಸವನ್ನು ವರ್ಷಾನುಗಟ್ಟಲೆ ಹೊತ್ತ ಮಾವಳ್ಳಿಪುರದಲ್ಲಿ 2012ರಲ್ಲಿ, ಮಂಡೂರಿನಲ್ಲಿ 2014ರಲ್ಲಿ ಹಳ್ಳಿಯ ಜನ ಇನ್ನು ಸಾಕೆಂದು ಎದ್ದು ನಿಂತುದನ್ನು ನಾಡೆಲ್ಲ ಕಂಡಿದೆ. ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ನೋಡಬೇಕೆಂದು ನಾವು ಬಾಲ್ಯದಿಂದ ಕೇಳಿದ್ದೇವೆ. ತಾನು ಮಾಡದೆ ಇನ್ನೊಬ್ಬರ ಕೈಯಿಂದ ಮಾಡಿಸಿದುದು ಕಾರಿತ. ನಮ್ಮ ಹಿತ್ತಲಲ್ಲಿ ಹುಳು ಹುಟ್ಟಬಾರದೆಂದು ಇನ್ನೊಂದು ಊರಿನ ಹಿತ್ತಲಿಗೆ ಅದನ್ನು ಕಳಿಸಿದರೆ, ಕಣ್ಣಿಗೆ ಕಾಣದಿರುವುದೊಂದೇ ನಮಗಾದ ಲಾಭ. ಪಾಪದ ಲೆಕ್ಕದಲ್ಲಿ ಕಳೆದುದು ಏನೂ ಇಲ್ಲ. ಮನೆಯವರೇ ಹಸಿ ಕಸವನ್ನೂ ಒಣ ಕಸವನ್ನೂ ಬೇರೆ ಬೇರೆ ಇಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ವಿಧಿಸಿದವು. ಕಾನೂನು ಹೇಳುವ ಎಷ್ಟೋ ಮೊದಲೇ ನಮ್ಮ ಆಚಾರವು ಹೇಳಬಹುದಾಗಿದ್ದ ಮಾತಿದು.

ಹೀಗೆ ನೋಡಿದರೆ, ಕೊಳೆಯುವಿಕೆಯನ್ನು ನಿಲ್ಲಿಸುವ ಶಕ್ತಿ ನಮ್ಮಲ್ಲಿಲ್ಲ. ಅದು ಎಲ್ಲಿ ನಡೆಯಬೇಕು, ಯಾವ ಎಚ್ಚರಿಕೆಯಲ್ಲಿ ನಡೆಯಬೇಕು ಎಂಬುದಷ್ಟೇ ನಮ್ಮ ಅಧೀನ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನೇ ವಿಸ್ತರಿಸಿ, ಎಚ್ಚರವಿಲ್ಲದೆ ನಡೆಯುವವನಿಗೆ ಜೀವ ಸತ್ತರೂ ಸಾಯದಿದ್ದರೂ ಹಿಂಸೆಯ ದೋಷವುಂಟೆಂದು ತಿಳಿಸಿದ್ದಾರೆ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದು ವಾಡಿಕೆ. ಇವುಗಳಲ್ಲಿ ಸಂಕಲ್ಪೀ ಹಿಂಸೆ ಪೂರ್ಣ ತ್ಯಾಜ್ಯ. ಅಡಿಗೆ, ಕಸಗುಡಿಸುವಿಕೆ ಮೊದಲಾದ ಆರಂಭಗಳಿಂದಾಗುವುದನ್ನು ಸಂಪೂರ್ಣ ಬಿಡಲಾರದವನು ಕಡಿಮೆ ಮಾಡಿಕೊಳ್ಳುತ್ತ ಹೋಗಬೇಕು. ಹಿತ್ತಲಿನ ಗೊಬ್ಬರವು ಆರಂಭದ ಕಕ್ಷೆಗೆ ಸೇರಿದುದು. ಒಲೆ ಹಚ್ಚುವುದು ಹೇಗೆ ಪುಣ್ಯಕಾರ್ಯವೆನಿಸದೋ, ಹಾಗೆಯೇ ಇದೂ ಪುಣ್ಯಕಾರ್ಯವೆನಿಸದು. ಯತ್ನಾಚಾರದಿಂದ ಮಾಡಿದರೆ ದೋಷ ಅಲ್ಪವಾಗುತ್ತದೆ, ಅಷ್ಟೇ. ಗುಂಡಿಯನ್ನು ತೋರಿಸುವಾಗ ನನಗಿದ್ದ ಹೆಮ್ಮೆಯೇ ತಪ್ಪೆಂಬುದು ಆಗ ಅರಿವಿಗೆ ಬಂತು.

ಈ ಯತ್ನಾಚಾರದ ಮಾದರಿಗಾಗಿ ನಾವು ದೂರ ಹೋಗಬೇಕಾಗಿಲ್ಲ. ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ಪ್ರತಿಷ್ಠಾಪನ ಸಮಿತಿಯೆಂದೂ ಅದಕ್ಕೆ ಹೆಸರು. ದೇಹದ ಮಲವನ್ನು ಕೂಡ ನಿರ್ಜಂತುಕವಾದ ನೆಲವನ್ನು ಕಣ್ಣಿನಿಂದ ನೋಡಿ, ಪಿಂಛಿಯಿಂದ ಮಾರ್ಜಿಸಿ, ಅನಂತರವೇ ಬಿಡಬೇಕೆಂಬುದು ಅದರ ತಾತ್ಪರ್ಯ. ಬಿಡುವ ಕ್ರಿಯೆಗೆ ಪ್ರತಿಷ್ಠಾಪನೆಯೆಂಬ ಹೆಸರನ್ನು ಕೊಟ್ಟುದರಲ್ಲಿ ದೊಡ್ಡ ಅರ್ಥವಿದೆ. ನಾವು ಬಿಂಬವನ್ನು ಪ್ರತಿಷ್ಠಾಪಿಸುತ್ತೇವೆ; ಮುನಿಯು ಮಲವನ್ನೂ ಅದೇ ಜಾಗರೂಕತೆಯಿಂದ ಇಡುತ್ತಾನೆ. ಗೃಹಸ್ಥನಿಗೆ ಮಹಾವ್ರತವಿಲ್ಲವೆಂದರೆ ಎಚ್ಚರವೂ ಬೇಡವೆಂದಾಗುವುದಿಲ್ಲ.

ನಮ್ಮ ಬಾವಿಗಳ ಕಾಲದ ಇನ್ನೊಂದು ಆಚಾರವನ್ನು ಹಿರಿಯರು ಇನ್ನೂ ಮರೆತಿರಲಾರರು. ನೀರನ್ನು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೆಲಕ್ಕೆ ಝಾಡಿಸುತ್ತಿರಲಿಲ್ಲ. ಸೋಸಿದ ನೀರನ್ನೇ ಮೇಲೆ ಹೊಯ್ದು, ಅವುಗಳನ್ನು ಪಾತ್ರೆಯಲ್ಲಿ ಹಿಡಿದು, ಯಾವ ಬಾವಿಯ ನೀರೋ ಅದೇ ಬಾವಿಗೆ ಮೆಲ್ಲನೆ ಇಳಿಸುತ್ತಿದ್ದರು. ಬೇರೆ ಬಾವಿಗೆ ಬಿಟ್ಟರೂ ಸಾಲದು, ಮೇಲಿನಿಂದ ಸುರಿದರೂ ಸಾಲದು. ನಮಗೆ ಬೇಡವಾದುದು ಎಲ್ಲಿಂದ ಬಂತೋ ಅಲ್ಲಿಗೇ ಜೋಪಾನವಾಗಿ ಮರಳಬೇಕೆಂಬುದು ಆ ಆಚಾರದ ಜೀವಾಳ. ಸಿಪ್ಪೆ ಬಂದುದು ಮಣ್ಣಿನಿಂದ. ಅದನ್ನು ಮಣ್ಣಿಗೆ ಜೋಪಾನವಾಗಿ ಮರಳಿಸುವುದು ಈ ಹಳೆಯ ಆಚಾರದ ಮುಂದುವರಿಕೆಯೆಂದು ನನ್ನ ನಂಬಿಕೆ.

ಹಾಗಾದರೆ ಜೋಪಾನವೆಂದರೆ ಏನು? ಅತ್ತೆಯವರ ಪ್ರಶ್ನೆಯ ತರುವಾಯ ನಾನು ಮಾಡಿಕೊಂಡ ತಿದ್ದುಪಡಿಗಳನ್ನು ಹೇಳುವೆನು. ವಾಚಕರು ತಮ್ಮ ಮನೆಯ ಅನುಕೂಲಕ್ಕೆ ತಕ್ಕಂತೆ ವಿಚಾರಿಸಬಹುದು.

ನೆಲವನ್ನು ತೋಡುವುದನ್ನು ಬಿಟ್ಟೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂಬ ಅನರ್ಥದಂಡವನ್ನು ವಿವರಿಸುವಾಗ ನಿಷ್ಕಾರಣವಾಗಿ ಭೂಮಿಯನ್ನು ಅಗೆಯುವುದನ್ನೂ ಎಣಿಸಿದ್ದಾರೆ. ಅಡಿಯಲ್ಲಿಯೂ ಪಕ್ಕದಲ್ಲಿಯೂ ತೂತುಗಳಿರುವ ಎರಡು ಹಳೆಯ ಮಣ್ಣಿನ ಗಡಿಗೆಗಳು ಸಾಕಾದವು. ಒಂದು ತುಂಬುವಾಗ ಇನ್ನೊಂದು ವಿಶ್ರಾಂತಿಯಲ್ಲಿರುತ್ತದೆ. ಅಗೆಯದೆ ಕೆಲಸವಾಗುವುದಾದರೆ ಅಗೆತವು ನಿಷ್ಕಾರಣವೇ ಸರಿ.

ಹಸಿಯನ್ನು ಹಸಿಯಾಗಿ ಹಾಕುವುದನ್ನು ಬಿಟ್ಟೆ. ಸಿಪ್ಪೆಗಳನ್ನು ಬಿಸಿಲಿನಲ್ಲಿ ಬಾಡಿಸಿ ಹಾಕಿ, ಆಗಿಂದಾಗಲೇ ಅದರ ಎರಡರಷ್ಟು ಒಣ ಎಲೆಯನ್ನು ಮೇಲೆ ಮುಚ್ಚುತ್ತೇವೆ. ನೊಣವು ತೆರೆದ ಒದ್ದೆ ಕಸದ ಮೇಲೆ ಒಂದೇ ಸಲಕ್ಕೆ ನೂರಕ್ಕೂ ಮಿಕ್ಕಿ ತತ್ತಿಗಳನ್ನಿಡುತ್ತದೆ. ಸೆಕೆಯ ದಿನಗಳಲ್ಲಿ ತತ್ತಿಯು ನೊಣವಾಗಲು ವಾರ ಹತ್ತು ದಿನ ಸಾಕು. ನನ್ನ ಗುಂಡಿಯಲ್ಲಿ ಅತ್ತೆಯವರು ಕಂಡ ಬಿಳಿಯ ಹುಳುಗಳು ನನ್ನ ಅಲಕ್ಷ್ಯದ ಫಲ. ಮುಚ್ಚಿದ ಕಸದ ಮೇಲೆ ನೊಣ ಕೂರಲಾರದು. ಒದ್ದೆಯಾಗಿ ಕೊಳೆಯುವ ಸ್ಥಳವು ಸಮ್ಮೂರ್ಛನ ಜೀವಗಳ ಉತ್ಪತ್ತಿಸ್ಥಾನವೆಂದು ಶಾಸ್ತ್ರವು ಹೇಳುತ್ತದೆ. ತೆರೆದ ಒದ್ದೆ ಕಸವು ನೊಣದ ತೊಟ್ಟಿಲೆಂದು ವಿಜ್ಞಾನವು ಹೇಳುತ್ತದೆ. ಎರಡರ ಉಪದೇಶವೂ ಒಂದೇ: ಹಸಿಯನ್ನು ತೆರೆದಿಡಬೇಡ. ಹುಟ್ಟಿದ ಜೀವವನ್ನು ಕೊಲ್ಲದಿರುವುದರ ಜೊತೆಗೆ, ಸಾಯಲೆಂದೇ ಹುಟ್ಟುವ ಸಂದರ್ಭವನ್ನು ನಾವು ಒದಗಿಸದಿರುವುದೂ ದಯೆಯೇ.

ಇಲ್ಲಿ ನಮ್ಮ ಭಾಗದವರಿಗೆ ವಿಶೇಷವಾಗಿ ಒಂದು ಮಾತು. ನಿಪ್ಪಾಣಿ ತಂಬಾಕಿನ ಪೇಟೆ. ತಂಬಾಕಿನ ಪುಡಿ ಇಲ್ಲಿ ಸುಲಭವಾಗಿ ದೊರೆಯುವ ವಸ್ತು. ಅದರಲ್ಲಿರುವ ನಿಕೋಟಿನ್ ಕೀಟಗಳಿಗೆ ವಿಷ. ಹುಳುವಾದ ಗೊಬ್ಬರಕ್ಕೆ ಒಂದು ಹಿಡಿ ತಂಬಾಕಿನ ಪುಡಿ ಉದುರಿಸಿದರೆ ತೀರಿತೆಂದು ಸಲಹೆ ಕೊಡುವವರು ನನಗೂ ಸಿಕ್ಕಿದ್ದರು. ಅದು ಕೊಲ್ಲಬೇಕೆಂದೇ ಕೊಡುವ ವಿಷ, ಸ್ಪಷ್ಟವಾದ ಸಂಕಲ್ಪೀ ಹಿಂಸೆ. ಅಣುವ್ರತಿಗೆ ಅದು ಸರ್ವಥಾ ಸಲ್ಲದು. ಹುಳುವಾದರೆ ಒಣ ಎಲೆಯನ್ನು ಹೆಚ್ಚಿಸಿ, ಅವು ಬೆಳೆದು ಹಾರಿಹೋಗುವವರೆಗೆ ಗಡಿಗೆಯನ್ನು ಮುಟ್ಟದೆ ಬಿಡುವುದೇ ಉಚಿತ.

ಎರೆಹುಳುಗಳನ್ನು ಕೊಂಡು ತಂದು ತೊಟ್ಟಿಯಲ್ಲಿ ಕೂಡಿಹಾಕುವ ಪದ್ಧತಿಯೂ ಈಚೆಗೆ ಪ್ರಚಾರದಲ್ಲಿದೆ. ಗೊಬ್ಬರ ಚೆನ್ನಾಗಿ ಆಗುತ್ತದೆಂಬುದು ನಿಜ. ಆದರೆ ದ್ವೀಂದ್ರಿಯ ಜೀವಗಳನ್ನು ತೂಕ ಮಾಡಿ ಕೊಂಡು ಮಾರುವುದೂ, ಬಿಸಿಲಿಗೂ ನೀರಿನ ಕೊರತೆಗೂ ಸಿಕ್ಕಿದರೆ ಓಡಿಹೋಗದಂತೆ ಅವುಗಳನ್ನು ಬಂಧಿಸಿಡುವುದೂ ವ್ರತಿಗಳ ಮನೆಗೆ ಒಪ್ಪುವ ಕೆಲಸವೆಂದು ನನಗೆ ತೋರುವುದಿಲ್ಲ. ಬಂಧನವನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿಯೇ ಹೇಳಿದೆ. ತಾವಾಗಿ ಬಂದ ಎರೆಹುಳು ತಾನಾಗಿ ಹೋಗುವಂತಿರಲಿ. ಗಡಿಗೆಯ ತೂತು ಅದಕ್ಕೂ ದಾರಿ.

ಮಗುಚುವುದನ್ನೂ ಕೈಬಿಟ್ಟೆ. ಗೊಬ್ಬರದ ಶಾಸ್ತ್ರದಲ್ಲಿ ನಮ್ಮ ದೇಶದ್ದೇ ಆದ ಎರಡು ಪ್ರಸಿದ್ಧ ಪದ್ಧತಿಗಳಿವೆ. ಆಲ್ಬರ್ಟ್ ಹೋವರ್ಡ್ ಅವರು ಇಂದೋರಿನಲ್ಲಿ ರೂಪಿಸಿ, ಯಶವಂತ ವಾಡ್ ಅವರೊಡಗೂಡಿ 1931ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಇಂದೋರ್ ಪದ್ಧತಿಯಲ್ಲಿ ರಾಶಿಯನ್ನು ಹಲವು ಸಲ ಮಗುಚುತ್ತಾರೆ. ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ಆಚಾರ್ಯ ಎಂಬ ವಿಜ್ಞಾನಿಯು 1939ರಲ್ಲಿ ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ಮಗುಚುವುದೇ ಇಲ್ಲ. ಆರೆಂಟು ತಿಂಗಳು ಕಾಯಬೇಕು. ಮಗುಚುವ ದೊಡ್ಡ ರಾಶಿಯ ಒಳಗಾವು 55ರಿಂದ 65 ಡಿಗ್ರಿಯವರೆಗೆ ಏರುತ್ತದೆ. ಸಣ್ಣ ಗಡಿಗೆಯು ಅಷ್ಟು ಕಾಯುವುದಿಲ್ಲ. ಒಣ ಎಲೆ ಬೇಕಾದಷ್ಟಿದ್ದು ತೂತುಗಳಿಂದ ಗಾಳಿಯಾಡುತ್ತಿದ್ದರೆ, ಸಲಿಕೆಯನ್ನು ಮುಟ್ಟದೆಯೂ ಅದು ಕೊನೆಗೆ ಮಣ್ಣಾಗುತ್ತದೆ. ಬೇಗ ಬೇಕೆನ್ನುವವನಿಗೆ ಮಗುಚುವುದು ಅನಿವಾರ್ಯ, ಕಾಯಬಲ್ಲವನಿಗೆ ಅಲ್ಲ. ನಮ್ಮ ಎಷ್ಟೋ ಹಿಂಸೆಗಳು ಆತುರದಿಂದ ಹುಟ್ಟಿದವು ಎಂಬುದನ್ನು ಈ ಗಡಿಗೆಯೂ ಕಲಿಸಿತು.

ಹೊಲದ ಮಾತನ್ನೂ ಇಲ್ಲಿಯೇ ಆಡಬೇಕು. ಏಕೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಜೈನರಲ್ಲಿ ಬಹುಮಂದಿ ಒಕ್ಕಲಿಗರೇ. ಕಬ್ಬು ಕಡಿದ ಮೇಲೆ ಹೆಕ್ಟೇರಿಗೆ ಸುಮಾರು 8ರಿಂದ 10 ಟನ್ ರವದಿ ಉಳಿಯುತ್ತದೆ. ಅದಕ್ಕೆ ಬೆಂಕಿ ಹಚ್ಚಿದರೆ ಅದರಲ್ಲಿದ್ದ ಸಾರಜನಕದ ಬಹುಭಾಗ ಹೊಗೆಯೊಡನೆ ಹೋಗುತ್ತದೆ, ನೆಲದ ಮೇಲ್ಪದರದ ಜೀವರಾಶಿ ಬೇಯುತ್ತದೆ. ಸಾಲುಗಳ ನಡುವೆ ಹಾಸಿದರೆ ಅದೇ ರವದಿ ತೇವವನ್ನು ಹಿಡಿದಿಟ್ಟು ಕಾಲಕ್ರಮದಲ್ಲಿ ಮಣ್ಣಾಗುತ್ತದೆ. ಮನೆಯಲ್ಲಿ ರಾತ್ರಿಭೋಜನ ತ್ಯಾಗ, ಹೊಲದಲ್ಲಿ ರವದಿಗೆ ಬೆಂಕಿ! ಇವೆರಡನ್ನೂ ಒಬ್ಬನೇ ಮಾಡುವಾಗ ಅವನ ಎಡಗೈಯ ಕೆಲಸ ಬಲಗೈಗೆ ತಿಳಿದಿಲ್ಲವೆನ್ನಬೇಕು. ಉದ್ಯೋಗೀ ಹಿಂಸೆ ಗೃಹಸ್ಥನಿಗೆ ತಪ್ಪದೆಂಬ ಮಾತು ತಪ್ಪಿಸಬಹುದಾದುದಕ್ಕೆ ಅನ್ವಯಿಸದು.

ಬಸದಿಯಲ್ಲಿ ಹೂ ಏರಿಸುವ ಪದ್ಧತಿಯಿರುವೆಡೆ ಇನ್ನೊಂದು ಸೂಕ್ಷ್ಮವಿದೆ. ನಿರ್ಮಾಲ್ಯವನ್ನು ಶ್ರಾವಕನು ಭೋಗಿಸಬಾರದು. ಅದನ್ನು ನದಿಗೆ ಸುರಿದರೆ ಜಲಕಾಯಕ್ಕೂ ಜಲಚರಗಳಿಗೂ ಬಾಧೆ. ಮನೆಯ ಗಡಿಗೆಗೆ ಹಾಕಿದರೆ ಅದರಿಂದ ಬೆಳೆದ ಕಾಯಿಪಲ್ಲೆಯನ್ನು ನಾವೇ ಉಣ್ಣಬೇಕಾದೀತು. ಆದುದರಿಂದ ಅದಕ್ಕೆ ಬಸದಿಯ ಆವರಣದಲ್ಲಿಯೇ ಬೇರೊಂದು ಸ್ಥಳವಿದ್ದು, ಆ ಗೊಬ್ಬರವು ಬಸದಿಯ ಹೂಗಿಡಗಳಿಗೇ ಸಲ್ಲುವುದು ಯೋಗ್ಯವೆಂದು ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಗೊಬ್ಬರದ ಗಡಿಗೆಯು ಎರಡನೆಯ ಮೆಟ್ಟಿಲು. ಮೊದಲನೆಯದು ಕಸವೇ ಕಡಿಮೆಯಾಗುವಂತೆ ಬಾಳುವುದು. ತಟ್ಟೆಯಲ್ಲಿ ಅನ್ನವನ್ನು ಬಿಡುವವನು ಅದು ಗೊಬ್ಬರವಾಗುತ್ತದೆಂದು ಸಮಾಧಾನ ಹೇಳಿಕೊಂಡರೆ, ಉಪಾಯವೇ ಪ್ರಮಾದಕ್ಕೆ ನೆಪವಾಯಿತು. ಮೂರು ದಿನಕ್ಕೆ ಬೇಕಾದಷ್ಟೇ ಹಿಟ್ಟು ಬೀಸಿಸಿದರೆ ಮಳೆಗಾಲದಲ್ಲಿ ಮರ್ಯಾದೆ ಮೀರಿದ ಹಿಟ್ಟು ಉಳಿಯುವುದಿಲ್ಲ. ದನವಿರುವ ಮನೆಯಲ್ಲಿ ಹಸಿ ಸಿಪ್ಪೆಯು ಮೊದಲು ಗೋದಲಿಗೆ ಸಲ್ಲಬೇಕು. ಅಷ್ಟಮಿ, ಚತುರ್ದಶಿಗಳಂದು ಹಸಿರುಕಾಯಿ ಬಿಟ್ಟವರ ಮನೆಯ ಬುಟ್ಟಿಯನ್ನು ನೋಡಿದರೆ ಪರಿಮಿತಿಯೆಂದರೇನೆಂಬುದು ತಾನಾಗಿ ತಿಳಿಯುತ್ತದೆ. ಆ ದಿನ ಅದರಲ್ಲಿ ಏನೂ ಇರುವುದಿಲ್ಲ.

ದೂಧಗಂಗೆಯೂ ವೇದಗಂಗೆಯೂ ಕೂಡುವ ಭೋಜ ಗ್ರಾಮವು ನಮಗೆ ಕೂಗಳತೆಯ ಊರು. ಆ ಊರಿನ ಒಕ್ಕಲು ಮನೆತನದಲ್ಲಿ 1872ರಲ್ಲಿ ಜನಿಸಿದ ಸಾತಗೌಡರೇ ಮುಂದೆ ಆಚಾರ್ಯ ಶಾಂತಿಸಾಗರ ಮಹಾರಾಜರಾದರು. 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ಅವರು ದೇಹವನ್ನು ಬಿಟ್ಟರು. ಆಹಾರವನ್ನು ಕ್ರಮದಿಂದ ತ್ಯಜಿಸಿ, ಸಮತೆಯಿಂದ, ಎಚ್ಚರದಿಂದ ಕಳಚಿಟ್ಟ ದೇಹವದು. ದೇಹವನ್ನೇ ಹೀಗೆ ಇಡಬೇಕೆಂದು ಕಲಿಸಿದ ಮಾರ್ಗದಲ್ಲಿ ನಡೆಯುವೆವೆನ್ನುವ ನಾವು ಒಂದು ಬಾಳೆಹಣ್ಣಿನ ಸಿಪ್ಪೆಯನ್ನು ಕಣ್ಣು ಮುಚ್ಚಿ ಎಸೆಯುವುದು ಶೋಭಿಸದು. ತ್ಯಜಿಸುವುದಕ್ಕೂ ಬಿಸುಡುವುದಕ್ಕೂ ಇರುವ ಅಂತರ ಈ ಎಚ್ಚರದಲ್ಲಿದೆ.

ಮರುವರ್ಷದ ಪರ್ವಕ್ಕೆ ಅತ್ತೆಯವರು ಬಂದಾಗ ನಾನಾಗಿ ಏನನ್ನೂ ತೋರಿಸಲಿಲ್ಲ. ಮೂರನೆಯ ದಿನ ಅವರೇ ಹಿತ್ತಲಿಗೆ ಹೋಗಿ ಗಡಿಗೆಯ ಮುಚ್ಚಳವನ್ನು ತೆರೆದು ಬಹಳ ಹೊತ್ತು ನೋಡಿದರು. ಒಣ ಎಲೆಯ ಹೊರತು ಮೇಲೆ ಏನೂ ಕಾಣುತ್ತಿರಲಿಲ್ಲ. “ಚಾತುರ್ಮಾಸ ಮುಗಿಯೂತನಾ ಇದರಾಗಿಂದ ಏನೂ ತಗೀಬ್ಯಾಡ, ತಮ್ಮಾ. ಮುನಿಗಳು ನಡಿಯೂದು ಬಿಟ್ಟಾರ, ನೀ ಕೆದರೂದು ಬಿಡು” ಎಂದರು. ಈ ನಿಯಮ ನನಗೆ ಹೊಳೆದಿರಲಿಲ್ಲ. ಮಳೆಯ ನಾಲ್ಕು ತಿಂಗಳು ಜೀವೋತ್ಪತ್ತಿ ಅಧಿಕವೆಂದೇ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಗೊಬ್ಬರದಲ್ಲಿಯೂ ಜೀವಗಳು ತುಂಬಿರುವುದು ಆ ಕಾಲದಲ್ಲಿಯೇ. ಅಂದಿನಿಂದ ನಮ್ಮ ಮನೆಯಲ್ಲಿ ಆಷಾಢದಿಂದ ಕಾರ್ತಿಕದವರೆಗೆ ಗಡಿಗೆಗೆ ಹಾಕುವುದುಂಟು, ತೆಗೆಯುವುದಿಲ್ಲ. ಬೇಸಿಗೆಯಲ್ಲಿ ಒಣಗಿ ಮಣ್ಣಾದುದನ್ನಷ್ಟೇ ಗಿಡಗಳ ಬುಡಕ್ಕೆ ಹಾಕುತ್ತೇವೆ. ಅತ್ತೆಯವರು ಈಗ ಸಿಪ್ಪೆಯನ್ನು ಗಡಿಗೆಯ ಬಳಿಗೆ ಒಯ್ಯುತ್ತಾರೆ, ಎಲೆಯನ್ನು ಸರಿಸಿ, ನೋಡಿ, ಆಮೇಲೆ ಇಡುತ್ತಾರೆ. ಅವರ ಪ್ರಶ್ನೆಗೆ ಪೂರ್ಣವಾದ ಉತ್ತರ ನನ್ನಲ್ಲಿ ಇಂದಿಗೂ ಇಲ್ಲ. ಗಡಿಗೆಯಲ್ಲಿ ಜೀವಹಾನಿ ಸರ್ವಥಾ ಇಲ್ಲವೆಂದು ಗೃಹಸ್ಥನು ಹೇಳಲಾರ. ಆದರೆ ನೋಡದೆ ಇಡುವುದಿಲ್ಲವೆಂಬ ನಿಯಮವನ್ನು ಪ್ರತಿಯೊಂದು ಶ್ರಾವಕ ಕುಟುಂಬವೂ ಈ ಚಾತುರ್ಮಾಸದಿಂದಲೇ ಸ್ವೀಕರಿಸಬಹುದು.